ಮಲೆನಾಡಿನ ಮನೆಗೊಂದು ತಂಪು ಕೋಣೆ: ಎ.ಸಿ.ಯೋ, ಕೋಲ್ಡ್ ರೂಮ್ ಮೆಶಿನ್ನೋ, ಡೀಪ್ ಫ್ರೀಜರೇ ಸಾಕೋ?

ಮನೆಯಲ್ಲೇ ಶುಂಠಿ ಸೋಡಾ, ಕೊಂಬುಚಾ (ಹುಳಿಸಿದ ಸಿಹಿ ಚಹಾ), ಹಣ್ಣಿನ ರಸ ಮಾಡಿ ಶಿವಮೊಗ್ಗಕ್ಕೋ ಬೆಂಗಳೂರಿಗೋ ಕಳಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮೊದಮೊದಲು ಅಡುಗೆಮನೆಯ ಫ್ರಿಜ್ಜೇ ಸಾಕಾಗುತ್ತದೆ. ಆಮೇಲೆ ಹಾಲು, ದೋಸೆ ಹಿಟ್ಟಿಗೂ ಅದರಲ್ಲಿ ಜಾಗ ಇರುವುದಿಲ್ಲ. ಆಗ ಹುಟ್ಟುವ ಆಸೆಯೇ ಒಳಗೆ ನಿಂತು ಕೆಲಸ ಮಾಡಬಹುದಾದಷ್ಟು ದೊಡ್ಡ ತಂಪು ಕೋಣೆ. ಅದನ್ನು ಮನೆಯಲ್ಲೇ ಕಟ್ಟಬಹುದು. ಆದರೆ ಯೂಟ್ಯೂಬಿನಲ್ಲಿ ಸಿಗುವ ವಿಧಾನಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಿಗೆ ಹೊಂದುವಂಥವು. ಆರಿದ್ರೆಯಿಂದ ಆಶ್ಲೇಷದವರೆಗೆ ಬಟ್ಟೆಯೂ ಒಣಗದ ನಮ್ಮ ಊರುಗಳಲ್ಲಿ ಲೆಕ್ಕವೇ ಬೇರೆ. ಇಲ್ಲಿ ತಂಪು ಕೋಣೆಯ ದೊಡ್ಡ ಶತ್ರು ಸೆಕೆಯಲ್ಲ, ಗಾಳಿಯಲ್ಲಿರುವ ನೀರು. ಎರಡನೆಯದು ಕೈಕೊಡುವ ಕರೆಂಟು. ಹಾಗಾಗಿ ಯಾವ ಮೆಶಿನ್ ಎಂದು ಯೋಚಿಸುವ ಮೊದಲು ಯಾವ ಗೋಡೆ ಎಂದು ನಿರ್ಧರಿಸಬೇಕು. ಈ ಲೇಖನದ ದೊಡ್ಡ ಭಾಗ ಗೋಡೆಯ ಬಗ್ಗೆ ಇರುವುದು ಅದಕ್ಕೇ.

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ.

ತಂಪು ಬೇಕಾದದ್ದು ಯಾವುದಕ್ಕೆ?

ಉಪ್ಪುನೀರಿನಲ್ಲಿ ಹಾಕಿಟ್ಟ ಅಪ್ಪೆಮಿಡಿಗೆ ತಂಪು ಕೋಣೆ ಬೇಡ. ಉಪ್ಪುಸೊಳೆಗೂ ಬೇಡ. ಸಕ್ಕರೆ ಗಟ್ಟಿಯಾಗಿ ಹಾಕಿ ಮಾಡಿದ ಮುರುಗಲು ಪಾಕ ಮುಚ್ಚಳ ಸರಿಯಿದ್ದರೆ ನೆರಳಿನಲ್ಲೇ ಉಳಿಯುತ್ತದೆ. ನಮ್ಮ ಹಿರಿಯರು ಉಪ್ಪು, ಸಕ್ಕರೆ, ಬಿಸಿಲುಗಳಿಂದಲೇ ಇಷ್ಟನ್ನೆಲ್ಲ ಸಾಧಿಸಿದ್ದಾರೆ. ಅದಕ್ಕೆ ಕರೆಂಟ್ ಬಿಲ್ ಕಟ್ಟುವುದು ದಂಡ.

ತಂಪು ಬೇಕಾಗುವುದು ಮೂರು ತರಹದ ಸರಕಿಗೆ. ಒಂದು, ಬೇಗ ಕೆಡುವಂಥದ್ದು: ಹಾಲು, ಬಿಡಿಸಿದ ಹಲಸಿನ ತೊಳೆ, ಚಿಪ್ಪು ಅಣಬೆ, ಸಕ್ಕರೆ ಕಡಿಮೆ ಇರುವ ಹಸಿ ರಸ. ಇವಕ್ಕೆ 2ರಿಂದ 5 ಡಿಗ್ರಿ ಬೇಕು. ಎರಡು, ತೀರಾ ತಂಪಾದರೆ ಹಾಳಾಗುವಂಥದ್ದು. ಬಾಳೆಗೆ 13 ಡಿಗ್ರಿಗಿಂತ ಕಡಿಮೆಯಾದರೆ ಸಿಪ್ಪೆ ಕಪ್ಪಾಗುತ್ತದೆ. ಹಸಿ ಶುಂಠಿಗೂ 12-13 ಡಿಗ್ರಿ ಹಿತ. ಅನಾನಸ್ 7ರ ಕೆಳಗೆ ಇಳಿದರೆ ಒಳಗಿನ ತಿರುಳು ಕಂದಾಗುತ್ತದೆ. ಮೂರನೆಯದು, ಹುಳಿಯುವ ಪಾನೀಯಗಳು. ಇವು ವಿಚಿತ್ರ. ಹುಳಿಯುವಾಗ ಸೆಕೆ ಬೇಕು, ಹುಳಿದ ಮೇಲೆ ತಂಪು ಬೇಕು. ಕೊಂಬುಚಾ 22ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿ ಆಗುತ್ತದೆ. ನಮ್ಮ ಮಳೆಗಾಲದ ಅಡುಗೆಮನೆಯೇ ಅದಕ್ಕೆ ಸರಿಯಾದ ಜಾಗ. ಬಾಟಲಿಗೆ ತುಂಬಿದ ಮೇಲೆ ಮಾತ್ರ 4 ಡಿಗ್ರಿಗೆ ಇಳಿಸಲೇಬೇಕು. ಇಲ್ಲವಾದರೆ ಒಳಗೆ ಗ್ಯಾಸ್ ಹುಟ್ಟುತ್ತಲೇ ಇರುತ್ತದೆ, ಗಾಜಿನ ಬಾಟಲಿ ಸಿಡಿಯುತ್ತದೆ. ಇದು ಬರೀ ರುಚಿಯ ಪ್ರಶ್ನೆಯಲ್ಲ, ಕಣ್ಣಿನ ಪ್ರಶ್ನೆ.

ಇದರ ಜೊತೆಗೆ ಕಾನೂನನ್ನೂ ಹೇಳಿಬಿಡುತ್ತೇನೆ. ನೆಲ್ಲಿಕಾಯಿ ವೈನು, ದ್ರಾಕ್ಷಿ ವೈನು ಎಂದು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಭರಣಿ ಹೂಡುವುದುಂಟು. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರಿಗೂ ಅದೇ ಮಾತು. ಆಹಾರ ಸುರಕ್ಷತಾ ನಿಯಮದಲ್ಲಿ 0.5%ಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಮದ್ಯಪಾನೀಯ. ಬಾಟಲಿಯಲ್ಲಿರುವ ಕೊಂಬುಚಾ ಒಂದೆರಡು ದಿನ ಬೆಚ್ಚಗೆ ಕೂತರೆ ಆ ಗೆರೆ ದಾಟಬಹುದು. ಮಾರುವವರಿಗೆ ತಂಪು ಕೋಣೆ ಎಷ್ಟು ಮುಖ್ಯ ಎಂಬುದಕ್ಕೆ ಇದೂ ಒಂದು ಕಾರಣ.

ಶಾಲೆಯ ಪುಸ್ತಕದಲ್ಲಿ ಬರೆಯುವ ಹಾಗೆ, ನಿಮ್ಮ ಸರಕಿನ ಪಟ್ಟಿಯ ಮುಂದೆ ಬೇಕಾದ ಡಿಗ್ರಿ ಬರೆಯಿರಿ. ಎಲ್ಲವೂ 4ರ ಸುತ್ತ ಬಂದರೆ ಒಂದು ಕೋಣೆ. ಅರ್ಧ 4, ಅರ್ಧ 13 ಎಂದಾದರೆ ಒಂದೇ ಕೋಣೆ ಯಾವ ಬೆಲೆಗೂ ಸರಿಹೋಗುವುದಿಲ್ಲ. ಹಲಸಿನ ತೊಳೆಯನ್ನೂ ಹಾಲನ್ನೂ ಒಂದೇ ಕಡೆ ಇಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ಎಷ್ಟು ಮುಚ್ಚಿದರೂ ಬೆಳಗಾಗುವುದರೊಳಗೆ ಹಾಲು ಹಲಸು ನಾರುತ್ತದೆ.

ಗೋಡೆ

ಒಂದು ಲೆಕ್ಕ ನೋಡೋಣ. ಎಂಟು ಅಡಿ ಉದ್ದ, ಎಂಟು ಅಡಿ ಅಗಲ, ಎಂಟು ಅಡಿ ಎತ್ತರದ ಕೋಣೆ. ಆರೂ ಮುಖ ಸೇರಿ ಸುಮಾರು 36 ಚದರ ಮೀಟರ್. ಹೊರಗೆ 30 ಡಿಗ್ರಿ, ಒಳಗೆ 4 ಡಿಗ್ರಿ. ಬರೀ ಒಂಬತ್ತಿಂಚಿನ ಇಟ್ಟಿಗೆ ಗೋಡೆಯಾದರೆ ಒಳಗೆ ನುಗ್ಗುವ ಶಾಖ 1,800 ವ್ಯಾಟ್‌ನಷ್ಟು. ಎರಡಿಂಚು ಥರ್ಮೋಕೋಲ್ ಹಾಕಿದರೆ ಸುಮಾರು 600. ನಾಲ್ಕಿಂಚು ಹಾಕಿದರೆ 320 ಆಸುಪಾಸು. ನಾಲ್ಕಿಂಚಿನ ಪಫ್ ಪ್ಯಾನೆಲ್ (ಅದೇನೆಂದು ಮುಂದೆ ಹೇಳುತ್ತೇನೆ) ಆದರೆ 210. ಮೆಶಿನ್ನಿಗೆ ಎಷ್ಟು ದುಡ್ಡು ಹಾಕುತ್ತೀರಿ ಎಂಬುದಕ್ಕಿಂತ, ಅದು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ಈ ಅಂಕಿಗಳು ನಿರ್ಧರಿಸುತ್ತವೆ.

ಇದು ಬರೀ ಶಾಖದ ಲೆಕ್ಕ. ಮಲೆನಾಡಿನ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಜುಲೈ ತಿಂಗಳಲ್ಲಿ ಹೊರಗೆ 25 ಡಿಗ್ರಿ, ಗಾಳಿಯ ತೇವ 95% ಇದ್ದಾಗ ಆ ಗಾಳಿ 24 ಡಿಗ್ರಿ ತಂಪಿನ ಯಾವುದೇ ವಸ್ತುವನ್ನು ಮುಟ್ಟಿದರೂ ನೀರು ಬಿಡುತ್ತದೆ. ನಿಮ್ಮ ಕೋಣೆಯ ಒಳಗೋಡೆ 4 ಡಿಗ್ರಿಯಲ್ಲಿದೆ. ಹೊರಗಿನ ಆವಿ ಒಂದು ಸೂಜಿಯಷ್ಟು ಸಂದು ಸಿಕ್ಕರೂ ಥರ್ಮೋಕೋಲಿನ ನಡುವೆ ಹೋಗಿ ಅಲ್ಲೇ ನೀರಾಗುತ್ತದೆ. ಒದ್ದೆಯಾದ ಥರ್ಮೋಕೋಲು ಶಾಖ ತಡೆಯುವ ಗುಣವನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ, ಹಿಂದಿನ ಮರದ ಚೌಕಟ್ಟು ಬೂಷ್ಟು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ. ಅದಕ್ಕೇ ಆವಿ ತಡೆಯುವ ಪದರವನ್ನು ಹೊರಮೈಗೆ, ಅಂದರೆ ಬೆಚ್ಚಗಿನ ಬದಿಗೆ ಹಾಕಬೇಕು. ದಪ್ಪ ಪಾಲಿಥೀನ್ ಹಾಳೆಯನ್ನು ಹೊರಗೆ ಪೂರ್ತಿ ಸುತ್ತಿ, ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಕಿ, ಸೇರುವಲ್ಲಿ ಟೇಪ್ ಹಚ್ಚಿ. ಒಳಗಡೆ ಹಾಕಿದರೆ ನೀರನ್ನು ಗೋಡೆಯೊಳಗೆ ಕೂಡಿಹಾಕಿದಂತೆ.

ಈಗ ಸಾಮಗ್ರಿ. ಥರ್ಮೋಕೋಲ್ ಅಗ್ಗ, ಶಿವಮೊಗ್ಗದಲ್ಲಿ ಹಾಳೆಗಳಾಗಿ ಸಿಗುತ್ತದೆ, ಮನೆಯ ಮರಗೆಲಸದವರೇ ಕೂರಿಸಬಲ್ಲರು. ಪ್ಯಾಕಿಂಗಿಗೆ ಬರುವ ಹಗುರ ಮಾಲು ಬೇಡ. ಘನ ಮೀಟರಿಗೆ 20 ಕೆಜಿಯಾದರೂ ತೂಗುವ ಗಟ್ಟಿ ಹಾಳೆ ಕೇಳಿ. ನಾಲ್ಕಿಂಚಿನ ಒಂದೇ ಹಾಳೆಗಿಂತ ಎರಡಿಂಚಿನ ಎರಡು ಹಾಳೆ, ಒಂದರ ಸಂದು ಇನ್ನೊಂದರ ಮಧ್ಯಕ್ಕೆ ಬರುವಂತೆ ಕೂರಿಸಿದರೆ ಮೇಲು. ಇದರ ತೊಂದರೆ ಇಲಿ ಮತ್ತು ಗೆದ್ದಲು. ತೋಟದ ನಡುವಿನ ಮನೆಗಳಲ್ಲಿ ಇಲಿ ಥರ್ಮೋಕೋಲ್ ಕೊರೆದು ಗೂಡು ಮಾಡುತ್ತದೆ, ಗೆದ್ದಲು ಅದರೊಳಗೆ ದಾರಿ ಮಾಡಿಕೊಂಡು ಮೇಲಿನ ಮರಕ್ಕೆ ಏರುತ್ತದೆ. ಎರಡೂ ಬದಿಗೆ ತಗಡು ಅಥವಾ ಸಿಮೆಂಟ್ ಹಾಳೆ ಹೊದಿಸದೆ ಬಿಡಬಾರದು. ಬೆಂಕಿಗೂ ಅದು ಬೇಗ ತುತ್ತಾಗುತ್ತದೆ. ವೈರಿನ ಜೋಡಣೆ ಒಂದೂ ಅದರೊಳಗೆ ಇರಕೂಡದು, ವೈರೆಲ್ಲ ಪೈಪಿನಲ್ಲೇ ಹಾಯಬೇಕು.

ಪಫ್ ಪ್ಯಾನೆಲ್ ಎಂದರೆ ಎರಡು ತಗಡಿನ ನಡುವೆ ಪಾಲಿಯುರೆಥೇನ್ ನೊರೆ ಗಟ್ಟಿಯಾಗಿರುವ ಹಲಗೆ. 60, 80, 100 ಮಿ.ಮೀ. ದಪ್ಪದಲ್ಲಿ ಬರುತ್ತದೆ. ಬೆಲೆ ಥರ್ಮೋಕೋಲಿಗಿಂತ ಬಹಳ ಮೇಲೆ. ಆದರೆ ಅದರ ತಗಡೇ ಆವಿಯನ್ನು ತಡೆಯುತ್ತದೆ, ಸಂದಿಗೆ ಸಿಲಿಕೋನ್ ತುಂಬಿದರೆ ಮುಗಿಯಿತು. ಇಲಿಯ ಹಲ್ಲು ತಾಗುವುದು ಕಷ್ಟ. ಒರೆಸಿ ತೊಳೆಯಬಹುದು. ಮುಂದೆಂದಾದರೂ ಮನೆ ಬದಲಾಯಿಸಿದರೆ ಬಿಚ್ಚಿ ಒಯ್ಯಬಹುದು. ಘಟ್ಟದ ಅಂಚಿನ ಊರುಗಳಿಗೆ ನನ್ನ ಸಲಹೆ ಪಫ್ ಪ್ಯಾನೆಲ್ಲೇ. ದುಡ್ಡು ಕಡಿಮೆ ಬಿದ್ದರೆ ಕೋಣೆಯನ್ನು ಚಿಕ್ಕದು ಮಾಡಿ, ಗೋಡೆಯನ್ನು ತೆಳ್ಳಗೆ ಮಾಡಬೇಡಿ. ಕೋಲ್ಡ್ ಸ್ಟೋರೇಜಿನಿಂದ ಬಿಚ್ಚಿದ ಹಳೇ ಪ್ಯಾನೆಲ್‌ಗಳೂ ಮಾರಾಟಕ್ಕೆ ಬರುತ್ತವೆ. ಅಂಚು ಒದ್ದೆಯಾಗಿ ನೊರೆ ಪುಡಿಯಾಗಿಲ್ಲ ಎಂದು ನೋಡಿ ತೆಗೆದುಕೊಂಡರೆ ಅದೂ ಒಳ್ಳೆಯ ದಾರಿ.

ಬತ್ತದ ಹೊಟ್ಟನ್ನು ಗೋಡೆಯ ನಡುವೆ ತುಂಬುವ ಉಪಾಯವನ್ನು ಹಲವರು ಹೇಳುತ್ತಾರೆ. ಒಣಗಿದ್ದಾಗ ಹೊಟ್ಟು ಶಾಖ ತಡೆಯುವುದು ನಿಜ. ನಮ್ಮಲ್ಲಿ ಒಂದು ಮಳೆಗಾಲ ಕಳೆದರೆ ಅದು ತೇವ ಕುಡಿದು ಕೆಳಗೆ ಕುಸಿದು ಮೇಲೆ ಟೊಳ್ಳಾಗುತ್ತದೆ. ಬಯಲುಸೀಮೆಯವರಿಗೆ ಬಿಟ್ಟುಬಿಡೋಣ.

ಜಾಗದ ವಿಚಾರದಲ್ಲಿ ಒಂದೇ ಮಾತು: ಮನೆಯ ಹೊರಗೋಡೆಗೆ ತಾಗಿಸಿ ಕಟ್ಟಬೇಡಿ. ಹಳೆಯ ಉಗ್ರಾಣವೋ ಅಡಿಕೆ ಸುಲಿಯುವ ಮನೆಯ ಮೂಲೆಯೋ, ಮಾಡಿನ ಕೆಳಗೆ ಎಲ್ಲಿದ್ದರೂ ಸರಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಂತೆ ಸುತ್ತಲೂ ಅರ್ಧ ಅಡಿ ಖಾಲಿ ಬಿಟ್ಟು ನಿಲ್ಲಿಸಿ. ಜಂಬಿಟ್ಟಿಗೆ ಗೋಡೆ ಮಳೆಗಾಲವಿಡೀ ನೀರು ಹೀರಿಕೊಂಡಿರುತ್ತದೆ. ಅದರ ಪಕ್ಕ ತಂಪು ಗೋಡೆ ಒತ್ತಿ ನಿಂತರೆ ನಡುವೆ ಬೆಳೆಯುವ ಬೂಷ್ಟನ್ನು ತೆಗೆಯಲು ಕೈಯೂ ಹೋಗುವುದಿಲ್ಲ. ನೆಲದಲ್ಲಿ ಒರತೆ ಏಳುವ ಮನೆಯಾದರೆ ಕೋಣೆಯನ್ನು ಒಂದು ಕಲ್ಲಿನಷ್ಟು ಎತ್ತರಿಸಿ. ನೆಲಕ್ಕೂ ಗೋಡೆಯಷ್ಟೇ ದಪ್ಪದ ಹೊದಿಕೆ ಬೇಕು. ತಂಪು ನೆಲಕ್ಕೆ ಇಳಿಯುವುದಿಲ್ಲ ಎಂಬ ನಂಬಿಕೆ ತಪ್ಪು.

ಬಾಗಿಲಿಗೆ ರಬ್ಬರ್ ಪಟ್ಟಿ, ಒಳಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಹಾಕಿಸಿ. ಪ್ರತಿ ಸಲ ತೆರೆದಾಗ ಒಳಗೆ ಬರುವ ಗಾಳಿಯಲ್ಲಿ ನೀರಿದೆ, ಒಂದು ಲೀಟರ್ ನೀರನ್ನು ಹನಿಯಾಗಿಸಲು ಮೆಶಿನ್ ತೆಗೆದುಹಾಕಬೇಕಾದ ಶಾಖ 0.7 ಯೂನಿಟ್ಟಿಗೆ ಹತ್ತಿರ. ಇನ್ನೊಂದು, ಬಾಗಿಲನ್ನು ಒಳಗಿನಿಂದಲೂ ತೆರೆಯಲು ಬರಲೇಬೇಕು. ಹೊರಗಿನಿಂದ ಚಿಲಕ ಬಿದ್ದರೂ ಒಳಗಿನವರು ತಳ್ಳಿ ಹೊರಬರುವಂಥ ಹಿಡಿಕೆ ಇಲ್ಲದ ಕೋಣೆಗೆ ಮಕ್ಕಳಿರುವ ಮನೆಯಲ್ಲಿ ಜಾಗವಿಲ್ಲ.

ಮೆಶಿನ್

ಇಲ್ಲಿ ನಾಲ್ಕೈದು ದಾರಿಗಳಿವೆ. ಒಂದನ್ನು ಮೊದಲೇ ತಳ್ಳಿಹಾಕುತ್ತೇನೆ.

ಇಟ್ಟಿಗೆಯ ಎರಡು ಗೋಡೆಗಳ ನಡುವೆ ಮರಳು ತುಂಬಿ ನೀರು ಚಿಮುಕಿಸುವ ಶೂನ್ಯ ಇಂಧನದ ತಂಪು ಕೋಣೆಯನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿತು. ಸೊಗಸಾದ ಕಲ್ಪನೆ. ಶಿವಮೊಗ್ಗ ಪೇಟೆಯ ಸುತ್ತ, ಶಿಕಾರಿಪುರದ ಕಡೆ, ಮಾರ್ಚ್-ಏಪ್ರಿಲ್‌ನ ಒಣ ಸೆಕೆಯಲ್ಲಿ ಹೊರಗೆ 36 ಡಿಗ್ರಿ, ತೇವ 30% ಇದ್ದಾಗ ಅದು 24-25ರವರೆಗೆ ಇಳಿಯಬಲ್ಲದು. ತರಕಾರಿಗೆ ಅಷ್ಟು ಸಾಕು. ಆದರೆ ಅದು ನಿಂತಿರುವುದೇ ನೀರು ಆವಿಯಾಗುವುದರ ಮೇಲೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಜುಲೈನಲ್ಲಿ ನೀರು ಆವಿಯಾಗುವುದೇ ಇಲ್ಲ, ತಂಪೂ ಇಲ್ಲ. ನಮ್ಮ ಪಾನೀಯಗಳಿಗೆ ಬೇಕಾದ 4 ಡಿಗ್ರಿ ಅದರಿಂದ ಯಾವ ತಿಂಗಳಲ್ಲೂ ಆಗದು.

ಡೀಪ್ ಫ್ರೀಜರ್ ನನಗೆ ಬಹಳ ಇಷ್ಟವಾದ ಆಯ್ಕೆ. ಕೋಣೆ ಕಟ್ಟಲೇಬೇಕೆಂದು ಹೊರಟವರೂ ಇದನ್ನೊಮ್ಮೆ ಯೋಚಿಸಬೇಕು. 300 ಲೀಟರಿನ ಫ್ರೀಜರಿಗೆ ಹೊರಗಿನಿಂದ ಒಂದು ಡಿಜಿಟಲ್ ಥರ್ಮೋಸ್ಟಾಟ್ ಜೋಡಿಸಿ, ಅದರ ಸೆನ್ಸರನ್ನು ಒಳಗಿಟ್ಟರೆ ನೀವು ಹೇಳಿದ ಡಿಗ್ರಿಗೆ ಅದು ನಿಲ್ಲುತ್ತದೆ. ಮನೆಯಲ್ಲಿ ಬಿಯರ್ ಮಾಡಲು ಅನುಮತಿ ಇರುವ ದೇಶಗಳಲ್ಲಿ ಹವ್ಯಾಸಿಗಳು ಬಳಸುವುದು ಇದನ್ನೇ. ಲಾಗರ್ ಎಂಬ ಬಗೆಯ ಬಿಯರ್ ಹುಳಿಯಲು 10 ಡಿಗ್ರಿ ಆಸುಪಾಸು, ಏಲ್ ಎಂಬ ಬಗೆಗೆ 18ರಿಂದ 22, ಆಮೇಲೆ ಸೊನ್ನೆಯ ಹತ್ತಿರ. ಒಂದೇ ಪೆಟ್ಟಿಗೆಯಲ್ಲಿ ವಾರವಾರಕ್ಕೆ ಡಿಗ್ರಿ ಬದಲಿಸಿಕೊಳ್ಳಬಹುದು. ಗೋಡೆ ಕಟ್ಟುವ ಗೋಜಿಲ್ಲ, ಆವಿ ತಡೆಯ ತಲೆನೋವಿಲ್ಲ. ಎರಡು ಫ್ರೀಜರ್ ಇಟ್ಟರೆ ಎರಡು ಡಿಗ್ರಿ ಸಿಗುತ್ತದೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಕೊರತೆಯೂ ಇದೆ. ಇಪ್ಪತ್ತು ಲೀಟರಿನ ಕ್ಯಾನನ್ನು ಸೊಂಟದೆತ್ತರದ ಅಂಚು ದಾಟಿಸಿ ಇಳಿಸುವುದು, ಎತ್ತುವುದು ಬೆನ್ನಿಗೆ ಕೆಟ್ಟದ್ದು. ಮನೆಯ ಹೆಂಗಸರೇ ನಡೆಸುವ ಉದ್ದಿಮೆಗೆ ಇದು ಸಣ್ಣ ಮಾತಲ್ಲ. ಮಳೆಗಾಲದಲ್ಲಿ ಮುಚ್ಚಳ ತೆರೆದಾಗೆಲ್ಲ ಒಳಗೆ ಸೇರುವ ತೇವ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಟ್ಟು, ಆಗಾಗ ಒರೆಸುತ್ತಿರಬೇಕು. ಒಂದು ಎಚ್ಚರಿಕೆ: ಪೈಪು ಹಾಕಲೆಂದು ಫ್ರೀಜರಿನ ಪಕ್ಕಕ್ಕೆ ತೂತು ಕೊರೆಯಬೇಡಿ. ಗ್ಯಾಸಿನ ನಳಿಕೆ ಆ ಗೋಡೆಯಲ್ಲೇ ಹಾದಿರುತ್ತದೆ, ಈಗಿನ ಎಷ್ಟೋ ಮಾದರಿಗಳಲ್ಲಿ ಆ ಗ್ಯಾಸು ಬೆಂಕಿ ಹಿಡಿಯುವಂಥದ್ದು.

ಬಾಟಲಿ ಮಾತ್ರ ಇಡುವವರಿಗೆ ಅಂಗಡಿಗಳಲ್ಲಿರುವ ಗಾಜಿನ ಬಾಗಿಲಿನ ವಿಸಿ ಕೂಲರ್ ಇನ್ನೂ ಸಲೀಸು. 2ರಿಂದ 8 ಡಿಗ್ರಿ ಕೊಡುತ್ತದೆ, ಎತ್ತಿ ಇಳಿಸುವ ಕಷ್ಟ ಇಲ್ಲ.

ಕೋಣೆಯೇ ಬೇಕು ಎನ್ನುವವರ ಮುಂದೆ ಇರುವುದು ಎರಡು ದಾರಿ: ಸಾದಾ ಎ.ಸಿ.ಯನ್ನು ಒಗ್ಗಿಸಿಕೊಳ್ಳುವುದು ಅಥವಾ ಕೋಲ್ಡ್ ರೂಮಿಗೆಂದೇ ಮಾಡಿದ ಮೆಶಿನ್ ಹಾಕಿಸುವುದು.

ಎ.ಸಿ. 16 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಅದು ಅದರ ಶಕ್ತಿಯ ಮಿತಿಯಲ್ಲ, ಅದರ ಬುದ್ಧಿಗೆ ಹಾಕಿರುವ ಮಿತಿ. ಅದರ ಸೆನ್ಸರಿಗೆ ಸ್ವಲ್ಪ ಬಿಸಿ ತಾಗಿಸಿ, ಕೋಣೆ ಇನ್ನೂ ಬೆಚ್ಚಗಿದೆ ಎಂದು ನಂಬಿಸುವ ಪುಟ್ಟ ಉಪಕರಣ ಅಮೆರಿಕದ ಸಣ್ಣ ರೈತರಲ್ಲಿ ಕೂಲ್‌ಬಾಟ್ ಎಂಬ ಹೆಸರಿನಲ್ಲಿ ಜನಪ್ರಿಯವಾಗಿದೆ. ಇನ್ನೊಂದು ಸೆನ್ಸರ್ ಕಾಯಿಲಿನ (ಗಾಳಿಯನ್ನು ತಂಪು ಮಾಡುವ ನಳಿಕೆಗಳ ಸುರುಳಿ) ರೆಕ್ಕೆಗಳ ನಡುವೆ ಕೂತು ಮಂಜುಗಡ್ಡೆ ಕಟ್ಟುವುದನ್ನು ಗಮನಿಸುತ್ತದೆ, ಕಟ್ಟಿದರೆ ಕಂಪ್ರೆಸರ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ ಕರಗಿಸುತ್ತದೆ. ಇದೇ ತತ್ತ್ವವನ್ನು ತಿಳಿದ ಎ.ಸಿ. ಮೆಕ್ಯಾನಿಕ್ ನಮ್ಮೂರಿನಲ್ಲೂ ಮಾಡಿಕೊಡಬಲ್ಲರು. ಚೆನ್ನಾಗಿ ಹೊದಿಸಿದ ಎಂಟಡಿ ಕೋಣೆಗೆ ಒಂದು ಟನ್ ಸಾಕು. ಒಂದು ಟನ್ನಿನ ಶಕ್ತಿ 3,500 ವ್ಯಾಟ್, ಗೋಡೆಯ ಸೋರಿಕೆ 210 ಎಂದು ನೋಡಿದರೆ ಅತಿಯಾಯಿತು ಅನಿಸಬಹುದು. ಒಳಗೆ ತಂಪಾದಷ್ಟೂ ಎ.ಸಿ.ಯ ಶಕ್ತಿ ಕುಗ್ಗುತ್ತದೆ. ಮೇಲಾಗಿ ಹೊಸ ಸರಕು ತರುವ ಶಾಖ ಇದೆ: 100 ಲೀಟರ್ ರಸವನ್ನು 24 ಡಿಗ್ರಿಯಿಂದ 4ಕ್ಕೆ ಇಳಿಸಲು 2.3 ಯೂನಿಟ್ಟಿನಷ್ಟು ಶಾಖ ತೆಗೆಯಬೇಕು.

ಇದಕ್ಕೆ ಇನ್ವರ್ಟರ್ ಇಲ್ಲದ, ಒಂದೇ ವೇಗದಲ್ಲಿ ಓಡುವ ಎ.ಸಿ. ಆರಿಸಿ. ಇನ್ವರ್ಟರ್ ಎ.ಸಿ.ಯ ಬೋರ್ಡು ತಾನೇ ಲೆಕ್ಕ ಹಾಕಿ ವೇಗ ಇಳಿಸುತ್ತದೆ, ನಂಬಿಸುವುದು ಕಷ್ಟ. ಅಗ್ಗದ ಥರ್ಮೋಸ್ಟಾಟನ್ನು ನೇರವಾಗಿ ಎ.ಸಿ.ಯ ಲೈನಿಗೆ ಸಿಕ್ಕಿಸಬೇಡಿ. ಅದರೊಳಗಿನ ರಿಲೇ 10 ಆಂಪಿಯರಿನದ್ದಾಗಿದ್ದರೂ ಕಂಪ್ರೆಸರ್ ಶುರುವಾಗುವ ಕ್ಷಣದ ಎಳೆತ ಅದಕ್ಕಿಂತ ಬಹಳ ಹೆಚ್ಚು, ನಡುವೆ ಕಾಂಟ್ಯಾಕ್ಟರ್, ಅಂದರೆ ಅಷ್ಟು ಎಳೆತ ತಾಳುವ ದೊಡ್ಡ ಸ್ವಿಚ್ಚು, ಬೇಕು. ನಿಂತ ಕಂಪ್ರೆಸರ್ ಮತ್ತೆ ಶುರುವಾಗುವ ಮುನ್ನ ಮೂರು ನಿಮಿಷವಾದರೂ ಬಿಡುವು ಇರುವಂತೆ ಹೊಂದಿಸಬೇಕು. ಎ.ಸಿ.ಯ ವಾರಂಟಿ ಅಂದಿಗೆ ಮುಗಿಯಿತೆಂದು ತಿಳಿದೇ ಕೈ ಹಾಕಿ.

ಈ ದಾರಿಯ ನಿಜವಾದ ಮಿತಿ ಎಲ್ಲಿದೆ ಎಂದರೆ, ಮಳೆಗಾಲದಲ್ಲಿ. ಎ.ಸಿ.ಯ ಕಾಯಿಲಿನ ರೆಕ್ಕೆಗಳು ಒತ್ತೊತ್ತಾಗಿರುತ್ತವೆ. ಕೋಣೆ 10-13 ಡಿಗ್ರಿಯಲ್ಲಿದ್ದರೆ ಮಂಜಿನ ತೊಂದರೆ ಅಷ್ಟಾಗಿ ಇಲ್ಲ. 4ಕ್ಕೆ ಇಳಿಸಬೇಕಾದರೆ ಕಾಯಿಲು ಸೊನ್ನೆಯ ಕೆಳಗೆ ಹೋಗಬೇಕು, ಆಗ ಒಳಗೆ ಬಂದ ತೇವವೆಲ್ಲ ರೆಕ್ಕೆಗಳ ಮೇಲೆ ಮಂಜಾಗಿ ಗಾಳಿಯನ್ನೇ ಕಟ್ಟುತ್ತದೆ. ಕರಗಿಸುವ ಹೊತ್ತು ಹೆಚ್ಚುತ್ತದೆ, ತಂಪು ಮಾಡುವ ಹೊತ್ತು ಇಳಿಯುತ್ತದೆ. ದಿನಕ್ಕೆರಡು ಸಲ ಬಾಗಿಲು ತೆಗೆಯುವ ಮನೆಯಲ್ಲಿ ಇದು ನಡೆಯುತ್ತದೆ. ಗಂಟೆಗೆ ನಾಲ್ಕು ಸಲ ತೆಗೆಯುವ ಉದ್ದಿಮೆಯಲ್ಲಿ ಪುಷ್ಯ ಮಳೆ ಹೊತ್ತಿಗೆ ಕೈಕೊಡುತ್ತದೆ.

ಕೋಲ್ಡ್ ರೂಮ್ ಮೆಶಿನ್ ಎಂದರೆ ಹೊರಗೆ ಕಂಡೆನ್ಸಿಂಗ್ ಯೂನಿಟ್ (ಕಂಪ್ರೆಸರ್ ಇರುವ ಪೆಟ್ಟಿಗೆ), ಒಳಗೆ ರೆಕ್ಕೆಗಳು ಅಗಲಗಲವಾಗಿರುವ ಕಾಯಿಲು, ಮಂಜು ಕರಗಿಸುವ ಟೈಮರ್ ಅಥವಾ ಹೀಟರ್. 2-4 ಡಿಗ್ರಿ ಅದರ ಸಹಜ ಕೆಲಸ, ಅದಕ್ಕೆ ಯಾರನ್ನೂ ನಂಬಿಸಬೇಕಿಲ್ಲ. ಕಾಯಿಲು ದೊಡ್ಡದಾದ್ದರಿಂದ ಒಳಗಿನ ಗಾಳಿಯನ್ನು ತೀರಾ ಒಣಗಿಸುವುದಿಲ್ಲ. ಅಣಬೆ, ಸೊಪ್ಪು ಇಡುವವರಿಗೆ ಇದು ದೊಡ್ಡ ಲಾಭ, ಏಕೆಂದರೆ ಎ.ಸಿ. ಕೋಣೆಯಲ್ಲಿ ಅವು ತೂಕ ಕಳೆದುಕೊಂಡು ಬಾಡುತ್ತವೆ. ಖರ್ಚು ಎ.ಸಿ.ಯ ಒಂದೆರಡು ಪಟ್ಟಲ್ಲ, ಇನ್ನೂ ಮೇಲೆ. ಅದಕ್ಕಿಂತ ಯೋಚಿಸಬೇಕಾದದ್ದು ರಿಪೇರಿ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಎ.ಸಿ. ನೋಡುವವರು ಸಿಗುತ್ತಾರೆ. ಕೋಲ್ಡ್ ರೂಮ್ ತಿಳಿದವರು ಶಿವಮೊಗ್ಗದಿಂದ ಬರಬೇಕಾಗಬಹುದು. ಕೊಳ್ಳುವ ಮೊದಲೇ, ಮಳೆಗಾಲದ ಸಂಜೆ ಕರೆದರೆ ಮರುದಿನ ಬರುವವರು ಯಾರು ಎಂದು ಹೆಸರು ಹಿಡಿದು ಕೇಳಿ. ಉತ್ತರ ಸಿಗದಿದ್ದರೆ ಆ ಮೆಶಿನ್ ನಿಮ್ಮೂರಿಗಲ್ಲ.

ಸೋಲಾರ್ ಫಲಕ ಹೊತ್ತು ಬರುವ ಸಿದ್ಧ ಕೋಲ್ಡ್ ರೂಮ್‌ಗಳೂ ಇವೆ. ಅವು ಟನ್‌ಗಟ್ಟಲೆ ಸರಕಿನ ರೈತ ಗುಂಪುಗಳಿಗೆ ಸರಿ. ಒಂದು ಮನೆಗೆ ದೊಡ್ಡದು, ಮೇಲಾಗಿ ಬಿಸಿಲೇ ಕಾಣದ ತಿಂಗಳುಗಳಲ್ಲಿ ಕರೆಂಟನ್ನೇ ನೆಚ್ಚಬೇಕು.

ಕರೆಂಟು ಹೋದಾಗ

ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಒಂದು ರಾತ್ರಿ ಹೋಗುವುದು ಸಾಮಾನ್ಯ, ಒಳಗಿನ ಹಳ್ಳಿಗಳಲ್ಲಿ ಎರಡು ಮೂರು ದಿನವೂ ಆದೀತು. ಮನೆಯ ಸಣ್ಣ ಯುಪಿಎಸ್ ಕಂಪ್ರೆಸರನ್ನು ಎಬ್ಬಿಸಲಾರದು. ಜನರೇಟರ್ ಎಬ್ಬಿಸಬಲ್ಲದು, ಆದರೆ ಡೀಸೆಲ್ ತರುವ ದಾರಿಯಲ್ಲೇ ಆ ಮರ ಬಿದ್ದಿರುತ್ತದೆ.

ಮಲೆನಾಡಿಗೆ ಹೊಂದುವ ಉಪಾಯ ಮಂಜುಗಡ್ಡೆ. ಒಂದು ಸಣ್ಣ ಡೀಪ್ ಫ್ರೀಜರಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಗಟ್ಟಿ ಮಾಡಿಟ್ಟುಕೊಳ್ಳಿ. ಒಂದು ಕೆಜಿ ಮಂಜು ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. 50 ಕೆಜಿ ಎಂದರೆ 4.6 ಯೂನಿಟ್. ಮಳೆಗಾಲದಲ್ಲಿ ಹೊರಗೆ 23 ಡಿಗ್ರಿಯಷ್ಟೇ ಇರುವುದರಿಂದ ಪಫ್ ಗೋಡೆಯ ಕೋಣೆಗೆ ಒಳನುಗ್ಗುವ ಶಾಖ 160 ವ್ಯಾಟಿಗೆ ಇಳಿದಿರುತ್ತದೆ. ಲೆಕ್ಕ ಹಾಕಿ: ಬಾಗಿಲು ತೆರೆಯದಿದ್ದರೆ ಒಂದು ಇಡೀ ಹಗಲು-ರಾತ್ರಿ ದಾಟುತ್ತದೆ. ಅದೇ ಎರಡಿಂಚು ಥರ್ಮೋಕೋಲಿನ ಕೋಣೆಯಾದರೆ ಹತ್ತು ಗಂಟೆಗೇ ಮುಗಿಯುತ್ತದೆ. ಗೋಡೆ ಎಂದು ಮೊದಲಿನಿಂದ ಹೇಳುತ್ತಿರುವುದು ಇದಕ್ಕೇ. ಜೊತೆಗೆ 200 ಲೀಟರ್ ನೀರಿನ ಕ್ಯಾನುಗಳನ್ನು ಕೋಣೆಯಲ್ಲೇ ಖಾಯಂ ಇಟ್ಟರೆ, 4ರಿಂದ 8 ಡಿಗ್ರಿಗೆ ಏರುವುದರೊಳಗೆ ಅವು ಇನ್ನೂ ಐದಾರು ಗಂಟೆ ಕೊಡುತ್ತವೆ. ಗ್ಯಾಸ್ ತುಂಬಿದ ಬಾಟಲಿ ಇಡುವವರಿಗೆ ಆ ಗಂಟೆಗಳು ಬಹಳ ಮುಖ್ಯ.

ವೋಲ್ಟೇಜ್ ಕುಸಿತ ಇನ್ನೊಂದು ಕಾಟ. ಯಾವ ಮೆಶಿನ್ ಆದರೂ ಸ್ಟೆಬಿಲೈಸರ್ ಇಲ್ಲದೆ ಹಾಕಬೇಡಿ. ಒಳ್ಳೆಯ ಅರ್ಥಿಂಗ್ ಕೂಡ ಬೇಕು, ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಕೆಲಸ ಮಾಡುವ ಜಾಗ ಅದು.

ಉಸಿರಾಟದ ಮಾತು

ಹುಳಿಯುವ ಭರಣಿಗಳನ್ನೂ ಕೋಣೆಯೊಳಗೇ ಇಡುವವರಿದ್ದರೆ ಇದನ್ನು ದಯವಿಟ್ಟು ಓದಿ. ಯೀಸ್ಟ್ ಒಂದು ಕೆಜಿ ಸಕ್ಕರೆಯನ್ನು ಪೂರ್ತಿ ತಿಂದರೆ ಅರ್ಧ ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಅಂದರೆ 250 ಲೀಟರ್ ಮೀರಿದ ಗಾಳಿ. ನಮ್ಮ ಎಂಟಡಿ ಕೋಣೆಯಲ್ಲಿರುವುದು ಒಟ್ಟು 14,500 ಲೀಟರ್. ಮೂರು ಕೆಜಿ ಸಕ್ಕರೆ ಹುಳಿದರೆ ಕೋಣೆಯ 5%ರಷ್ಟು ಅದೇ ತುಂಬಿರುತ್ತದೆ. ಅಷ್ಟಕ್ಕೆ ತಲೆನೋವು, ಏದುಸಿರು. 10%ಕ್ಕೆ ಪ್ರಜ್ಞೆ ತಪ್ಪುತ್ತದೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ, ವಾಸನೆಯಿಲ್ಲ. ಗಾಳಿ ಆಡದಂತೆ ಮುಚ್ಚಿ ಕಟ್ಟಿರುವುದೇ ನಮ್ಮ ಕೋಣೆಯ ಗುಣವಾದ್ದರಿಂದ ಅದು ತಾನಾಗಿ ಹೊರಗೆ ಹೋಗುವುದಿಲ್ಲ. ಭರಣಿಯ ಮುಚ್ಚಳದಿಂದ ಸಣ್ಣ ಪೈಪು ಎಳೆದು ಮನೆಯ ಹೊರಗೆ ಬಿಡಿ. ಇಲ್ಲವೇ ಹುಳಿಸುವುದನ್ನು ಹೊರಗೆ, ಇಡುವುದನ್ನಷ್ಟೇ ಒಳಗೆ ಮಾಡಿ. ಕೊಂಬುಚಾ, ಶುಂಠಿ ಸೋಡಾಗಳಿಗೆ ಎರಡನೆಯದೇ ಸರಿ.

ಹಾಗಾದರೆ ಯಾವುದು?

ವಾರಕ್ಕೆ ನೂರಿನ್ನೂರು ಬಾಟಲಿಯ ಒಳಗಿದ್ದರೆ ಕೋಣೆ ಬೇಡ, ಒಂದು ವಿಸಿ ಕೂಲರ್ ಮತ್ತು ಥರ್ಮೋಸ್ಟಾಟ್ ಹಾಕಿದ ಒಂದು ಡೀಪ್ ಫ್ರೀಜರ್ ಸಾಕು. ನಿಮ್ಮದು ಶುಂಠಿ, ಅನಾನಸ್, ಬಾಳೆಯ ಬಾಬತ್ತಾದರೆ, 13 ಡಿಗ್ರಿಗೆ ಎ.ಸಿ. ಕೋಣೆಯಷ್ಟು ಲಾಭದ್ದು ಬೇರೆ ಇಲ್ಲ. ಭದ್ರಾವತಿ, ಶಿಕಾರಿಪುರ, ಸೊರಬದ ಪೂರ್ವಭಾಗದಂಥ ಮಳೆ ಕಡಿಮೆ ಇರುವ ಕಡೆ ಅದೇ ಎ.ಸಿ.ಯಿಂದ 5-6 ಡಿಗ್ರಿಯನ್ನೂ ನೆಮ್ಮದಿಯಾಗಿ ಪಡೆಯಬಹುದು. ತೀರ್ಥಹಳ್ಳಿಯಾಚೆ, ಹೊಸನಗರ, ಕೊಡಚಾದ್ರಿಯ ಬುಡ, ಶರಾವತಿ ಹಿನ್ನೀರಿನ ಸುತ್ತ, ವರ್ಷವಿಡೀ 4 ಡಿಗ್ರಿ ಬೇಕು, ಬಾಗಿಲು ಪದೇಪದೇ ತೆರೆಯುತ್ತದೆ ಎಂದಾದರೆ ಕೋಲ್ಡ್ ರೂಮ್ ಮೆಶಿನ್ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಈಗ ಅಷ್ಟು ಹಣವಿಲ್ಲವೇ? ಗೋಡೆಯನ್ನು ಈಗಲೇ ಪಫ್‌ನಲ್ಲಿ ಸರಿಯಾಗಿ ಕಟ್ಟಿ, ಎ.ಸಿ.ಯಿಂದ ಶುರು ಮಾಡಿ. ಎರಡು ವರ್ಷ ಬಿಟ್ಟು ಮೆಶಿನ್ ಬದಲಾಯಿಸಬಹುದು, ಒದ್ದೆಯಾದ ಗೋಡೆಯನ್ನು ಬದಲಾಯಿಸುವುದೆಂದರೆ ಕೋಣೆಯನ್ನೇ ಒಡೆದು ಕಟ್ಟಿದಂತೆ.

ಕಿರು ಆಹಾರ ಉದ್ದಿಮೆಗಳಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲದೊಂದಿಗೆ ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಹಾಯಧನವಿದೆ. ಕೆಲಸ ಶುರು ಮಾಡುವ ಮೊದಲೇ, ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ, ಮನೆಯಲ್ಲೇ ಕಟ್ಟಿಸಿದ ಕೋಣೆಗೆ ಅನ್ವಯವಾಗುತ್ತದೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಬಿಲ್ಲಿಲ್ಲದೆ ಕೊಂಡ ಹಳೇ ಪ್ಯಾನೆಲ್ಲು, ಹಳೇ ಎ.ಸಿ. ಅಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ. ಯಾವ ಹಣ್ಣಿಗೆ ಎಷ್ಟು ಡಿಗ್ರಿ, ಎಷ್ಟು ದಿನ ಎಂಬ ಸಂದೇಹಕ್ಕೆ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಓದಿದವರಿದ್ದಾರೆ, ಹೋಗಿ ಮಾತಾಡಿ.

ಕಟ್ಟುವ ಕೆಲಸಕ್ಕೆ ಅಡಿಕೆ ಕೊಯ್ಲು ಮುಗಿದ ಮೇಲಿನ ದಿನಗಳು, ಫೆಬ್ರವರಿ-ಮಾರ್ಚ್, ಸರಿ. ಮರ, ಗೋಡೆ, ನೆಲ ಎಲ್ಲವೂ ಒಣಗಿರುವಾಗಲೇ ಪಾಲಿಥೀನ್ ಸುತ್ತಿ ಮುಚ್ಚಬೇಕು, ಇಲ್ಲದಿದ್ದರೆ ತೇವವನ್ನು ನಾವೇ ಒಳಗಿಟ್ಟು ಹೊಲಿದಂತಾಗುತ್ತದೆ. ಮುಗಿದ ಮೇಲೆ ಸರಕು ತುಂಬದೆ, ಬರೀ ನೀರಿನ ಕ್ಯಾನಿಟ್ಟು ಒಂದು ವಾರ ಓಡಿಸಿ. ರಾತ್ರಿ ಟಾರ್ಚ್ ಹಿಡಿದು ಹೊರಮೈಯನ್ನೆಲ್ಲ ಕೈಯಿಂದ ಸವರಿ ನೋಡಿ. ಎಲ್ಲಿ ತಣ್ಣಗೆ ತಾಗುತ್ತದೋ ಅಲ್ಲಿ ಸಂದಿದೆ. ಮುಂಗಾರು ಬರುವುದರೊಳಗೆ ಅಲ್ಲಿಗೆ ಸಿಲಿಕೋನ್ ತುಂಬಿ.